ವಿಜಾಪುರ ಸೀಮೆಯಲ್ಲಿ ಪಥಿಕರ ವಸತಿಯೂ ಅದರ ಬೆಲೆಯೂ

ವಿಜಾಪುರ ಪಟ್ಟಣದ ಪಡುವಲಿಗೆ, ತಿಕೋಟಾ ಸೀಮೆಯಲ್ಲಿ, ಮಹಾರಾಷ್ಟ್ರದ ಜತ್ತ ತಾಲೂಕಿಗೆ ಹತ್ತಿರವಾಗಿ ಕನಮಡಿ ಎಂಬ ಗ್ರಾಮವಿರುವದು. ಧರಿದೇವರ ಗುಡಿಯಿಂದ ಹೆಸರಾದ ಊರು. ಇಂಥ ಊರಿಗೆ ಹೊತ್ತು ಮುಳುಗಿದ ಮೇಲೆ ಬಂದ ಪರಸ್ಥಳದವನು ಎಲ್ಲಿ ವಸ್ತಿ ಮಾಡಬೇಕೆಂಬ ಪ್ರಶ್ನೆಯು ಹಿಂದಿನ ಕಾಲದಲ್ಲಿ ದೊಡ್ಡದಾಗಿ ಏಳುತ್ತಿರಲಿಲ್ಲ. ಬೀಗರಿದ್ದರೆ ಬೀಗರ ಪಡಸಾಲೆ. ಬೀಗರಿಲ್ಲದಿದ್ದರೆ ಗುಡಿಯ ಪೌಳಿ. ಅದೂ ತುಂಬಿದ್ದರೆ ಚಾವಡಿಯ ಕಟ್ಟೆ. ಬುತ್ತಿಯ ಗಂಟೇ ತಲೆದಿಂಬು, ಹೆಗಲ ಮೇಲಿನ ಕಂಬಳಿಯೇ ಹಾಸಿಗೆ. ಬೆಳಗಾದರೆ ಅವನು ತನ್ನ ದಾರಿ ಹಿಡಿಯುವನು. ಅವನಿಂದ ಯಾರೂ ಕಾಸು ಬೇಡುವದಿಲ್ಲ. ಈ ರೂಢಿಯನ್ನು ನೆನೆದು, ಹಿಂದಿನವರಿಗೆ ವಸತಿಯು ಪುಕ್ಕಟೆ ಸಿಗುತ್ತಿತ್ತು, ಈಗಿನವರಿಗೆ ಮಾತ್ರ ಒಂದು ರಾತ್ರಿ ಕಣ್ಣು ಮುಚ್ಚಲಿಕ್ಕೂ ಹಣ ತೆರಬೇಕಾಗಿದೆ ಎಂದು ಮರುಗುವವರು ಬಹಳ ಮಂದಿ.

ಈ ಮಾತು ಅರ್ಧ ಮಾತ್ರ ನಿಜವಾದುದು. ಪೌಳಿಯನ್ನು ಕಟ್ಟಿಸಿದವನೊಬ್ಬನು ಇದ್ದೇ ಇರುವನು; ಅದಕ್ಕೆ ಸುಣ್ಣ ಬಳಿಯಿಸಿದವನು, ದೀಪಕ್ಕೆ ಎಣ್ಣೆ ಹಾಕಿದವನು, ಬಾವಿಯ ಹೂಳು ತೆಗೆಯಿಸಿದವನು ಇದ್ದೇ ಇರುವರು. ಪಥಿಕನು ಕೊಡದ ಬೆಲೆಯನ್ನು ಬೇರೊಬ್ಬನು ಮೊದಲೇ ಕೊಟ್ಟಿರುವನು. ಅದಲ್ಲದೆ ಪೌಳಿಯೊಳಗೆ ಕಾಲಿಡಲಿಕ್ಕೆ ಹಣವು ಬೇಡವಾದರೂ ಜಾತಿಯು ಬೇಕಾಗಿದ್ದಿತು. ಆದುದರಿಂದ ಒಂದು ರಾತ್ರಿಯ ವಸತಿಗೆ ಯಾರು ಏನನ್ನು ಕೊಟ್ಟರು, ಯಾರಿಗೆ ಬಾಗಿಲು ತೆರೆಯಿತು ಎಂಬ ಎರಡು ಲೆಕ್ಕಗಳನ್ನು ಕೂಡಿಯೇ ನೋಡತಕ್ಕದ್ದು. ಈ ಜಿಲ್ಲೆಯ ಕಲ್ಲುಗಳಲ್ಲಿಯೂ ಕಟ್ಟಡಗಳಲ್ಲಿಯೂ ಆ ಲೆಕ್ಕವು ಅಲ್ಲಲ್ಲಿ ಉಳಿದುಕೊಂಡಿರುವದು.

ಎಲ್ಲಕ್ಕೂ ಮೊದಲು ಹೇಳಬೇಕಾದದ್ದು ಇಂಡಿ ತಾಲೂಕಿನ ಸಾಲೋಟಗಿಯ ಶಾಸನವನ್ನು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನು ಆಳುತ್ತಿದ್ದ ಕಾಲದಲ್ಲಿ, ಕ್ರಿ. ಶ. ೯೪೫ರಲ್ಲಿ, ಅವನ ಮಂತ್ರಿಯಾದ ನಾರಾಯಣನೆಂಬವನು ಆಗ ಪಾವಿಟ್ಟಗೆ ಎಂದು ಕರೆಯಿಸಿಕೊಳ್ಳುತ್ತಿದ್ದ ಈ ಊರಿನಲ್ಲಿ ತ್ರಯೀಪುರುಷರ ಗುಡಿಯನ್ನೂ ಅದಕ್ಕೆ ಹೊಂದಿದ ಶಾಲೆಯನ್ನೂ ಕಟ್ಟಿಸಿದನು. ಬೇರೆ ಬೇರೆ ನಾಡುಗಳಿಂದ ಓದಲಿಕ್ಕೆ ಬರುವ ವಿದ್ಯಾರ್ಥಿಗಳಿಗೆ ಇರಲು ಸ್ಥಳವು ಬೇಕಷ್ಟೆ? ಅದಕ್ಕಾಗಿ ಇಪ್ಪತ್ತೇಳು ಮನೆಗಳು ಏರ್ಪಟ್ಟವು. ಭೂಮಿಯ ದಾನವೂ ಆಯಿತು. ಅದರಲ್ಲಿ ಹನ್ನೆರಡು ನಿವರ್ತನ ಭೂಮಿಯನ್ನು ದೀಪದ ಖರ್ಚಿಗೆಂದೂ ಐವತ್ತು ನಿವರ್ತನವನ್ನು ಉಪಾಧ್ಯಾಯನಿಗೆಂದೂ ಬೇರೆ ತೆಗೆದಿಡಲಾಯಿತು. ದೀಪದ ಎಣ್ಣೆಗೆ ಬೇರೆ ಹೊಲ! ವಸತಿಗೃಹವನ್ನು ನಡೆಯಿಸಿದವರಿಗೆ ಮಾತ್ರ ಇದರ ಅರ್ಥವು ಚೆನ್ನಾಗಿ ತಿಳಿಯುವದು. ಕಟ್ಟಡವನ್ನು ಎಬ್ಬಿಸುವದು ಒಂದು ಸಲದ ಖರ್ಚು. ರಾತ್ರಿ ರಾತ್ರಿಯೂ ದೀಪವನ್ನು ಉರಿಸುವದು ಮುಗಿಯದ ಖರ್ಚು. ಎಷ್ಟೋ ಧರ್ಮಶಾಲೆಗಳು ಕಲ್ಲು ಗಟ್ಟಿಯಾಗಿದ್ದೂ ಎಣ್ಣೆಯಿಲ್ಲದೆ ಹಾಳಾದವು.

ಆದರೆ ಈ ಶಾಸನದಲ್ಲಿ ಇದಕ್ಕಿಂತಲೂ ವಿಶೇಷವಾದ ಸಂಗತಿಯೊಂದುಂಟು. ಭೂಮಿಯ ಹುಟ್ಟುವಳಿಯೊಂದನ್ನೇ ನಂಬದೆ ಊರವರು ತಮ್ಮ ಮನೆಗಳ ಮಂಗಲಕಾರ್ಯಗಳ ಮೇಲೆ ತಾವೇ ಒಂದು ಪಟ್ಟಿಯನ್ನು ಹಾಕಿಕೊಂಡರು. ಮದುವೆಯಾದರೆ ಐದು ನಾಣ್ಯ. ಮುಂಜಿಯಾದರೆ ಅದರ ಅರ್ಧ, ಎಂದರೆ ಎರಡೂವರೆ. ಚೌಲವಾದರೆ ಮತ್ತೆ ಅದರ ಅರ್ಧ, ಒಂದೂಕಾಲು. ಖರ್ಚು ದೊಡ್ಡದಾದ ಕಾರ್ಯಕ್ಕೆ ದೊಡ್ಡ ಪಟ್ಟಿ, ಚಿಕ್ಕದಕ್ಕೆ ಚಿಕ್ಕದು. ಈ ಲೆಕ್ಕವನ್ನು ಹಾಕಿದವನು ಯಾರೇ ಇರಲಿ, ವ್ಯವಹಾರವನ್ನು ಬಲ್ಲವನು. ಮದುವೆಯ ಚಪ್ಪರದಲ್ಲಿ ಐದು ನಾಣ್ಯಗಳು ಯಾರಿಗೂ ಭಾರವಾಗುವದಿಲ್ಲ; ಅದೇ ಐದು ನಾಣ್ಯಗಳನ್ನು ಬರಗಾಲದ ದಿನ ಬಾಗಿಲಿಗೆ ಹೋಗಿ ಕೇಳಿದರೆ ಜಗಳವಾಗುವದು. ಹೀಗೆ ಸಾವಿರ ವರ್ಷಗಳಿಗಿಂತ ಹಿಂದೆ ಇಂಡಿಯ ಸೀಮೆಯಲ್ಲಿ ದೂರದೇಶದ ಹುಡುಗನೊಬ್ಬನು ಪುಕ್ಕಟೆಯಾಗಿ ಮಲಗುತ್ತಿದ್ದರೆ, ಅವನ ಬಾಡಿಗೆಯನ್ನು ಆ ವರ್ಷ ಮದುವೆಯಾದ ಮದುಮಕ್ಕಳು ಕೊಟ್ಟಿದ್ದರೆಂದು ಹೇಳಬಹುದಾಗಿದೆ. ಎಷ್ಟು ಕೊಡಬೇಕೆಂಬದು ಕಲ್ಲಿನ ಮೇಲೆ ಇದ್ದುದರಿಂದ ಹೆಚ್ಚು ಕೇಳಲಿಕ್ಕೂ ಆಸ್ಪದವಿರಲಿಲ್ಲ, ಕಡಿಮೆ ಕೊಡಲಿಕ್ಕೂ ಆಸ್ಪದವಿರಲಿಲ್ಲ.

ಆದರೂ ಆ ಇಪ್ಪತ್ತೇಳು ಮನೆಗಳು ವೇದಶಾಸ್ತ್ರಗಳನ್ನು ಓದಬಂದವರಿಗೆ ಮಾತ್ರ. ಅದೇ ದಾರಿಯಲ್ಲಿ ನಡೆದುಹೋದ ನೇಕಾರನಿಗೆ, ಕುರುಬನಿಗೆ, ಚಮ್ಮಾರನಿಗೆ ಅವು ಇದ್ದೂ ಇಲ್ಲದವುಗಳೇ. ವಿಜಾಪುರ ಪಟ್ಟಣದಲ್ಲಿಯೇ ಕ್ರಿ. ಶ. ೧೦೭೪ರಲ್ಲಿ, ಇಮ್ಮಡಿ ಸೋಮೇಶ್ವರನ ಆಳಿಕೆಯಲ್ಲಿ, ಸ್ವಯಂಭೂ ಸಿದ್ಧೇಶ್ವರನ ಗುಡಿಗೆ ದತ್ತಿಯು ನಡೆದು, ಯೋಗೇಶ್ವರಪಂಡಿತನ ಬಳಿಯ ತಪಸ್ವಿಗಳಿಗೂ ವಿದ್ಯಾರ್ಥಿಗಳಿಗೂ ಅನ್ನವಸ್ತ್ರಗಳ ವ್ಯವಸ್ಥೆಯಾದುದು ಶಾಸನದಿಂದ ತಿಳಿಯುವದು. ಇದೂ ಅದೇ ಬಗೆಯದು: ಗುರುತುಳ್ಳ ಅತಿಥಿಗಳಿಗೆ ಗುರುತುಳ್ಳ ಅನ್ನ. ಇವೆಲ್ಲವುಗಳಿಗಿಂತ ವಿಶಾಲವಾದ ಮನಸ್ಸು ಕಂಡುಬರುವದು ಬನವಾಸಿ ನಾಡಿನ ಬಳ್ಳಿಗಾವೆಯ ಕೋಡಿಯಮಠದಲ್ಲಿ. ಬಿಜ್ಜಳನ ಕಾಲದ, ೧೧೬೨ರ ಅಲ್ಲಿಯ ಶಾಸನವು ದೀನರು, ಅನಾಥರು, ಕುಂಟರು, ಕುರುಡರು, ಹಾಡುವವರು, ಬೇರೆ ಬೇರೆ ಮತಗಳ ಸನ್ಯಾಸಿಗಳು ಎಂದು ಬಗೆಬಗೆಯ ಜನರನ್ನು ಹೆಸರಿಸಿ ಅವರಿಗೆಲ್ಲ ಅನ್ನವು ದೊರೆಯುವ ಸ್ಥಳವಿದು ಎಂದು ಸಾರುವದು; ರೋಗಿಗಳಿಗೆ ಔಷಧವೂ ಅಲ್ಲಿ ಸಿಗುತ್ತಿತ್ತು. ಜನರನ್ನು ಹೀಗೆ ಎಣಿಸಿ ಎಣಿಸಿ ಬರೆಯಬೇಕಾಯಿತೆಂಬದರಿಂದಲೇ, ಬೇರೆ ಕಡೆಗೆ ಅವರಿಗೆ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲವೆಂದು ಊಹಿಸಬೇಕಾಗುವದು.

ಆದಿಲಶಾಹಿಯ ಕಾಲಕ್ಕೆ ಬಂದರೆ ದಾನಿಯು ಬೇರೆಯಾಗುವನು, ಅತಿಥಿಯೂ ಬೇರೆಯಾಗುವನು. ಆಗ ವಿಜಾಪುರವು ರಾಜಧಾನಿ. ಕುದುರೆಯ ವ್ಯಾಪಾರಿಗಳು, ಸೈನಿಕರು, ಫಕೀರರು, ಚಿತ್ರಕಾರರು ದೇಶದೇಶಗಳಿಂದ ಬರುವರು. ತಿಕೋಟಾ, ತೊರವಿಗಳ ಕಡೆಯಿಂದ ಬಂದವನು ಪಡುವಲ ಮಕ್ಕಾ ದರವಾಜೆಯಿಂದ ಕೋಟೆಯೊಳಗೆ ಕಾಲಿಟ್ಟರೆ ಸ್ವಲ್ಪ ದೂರದಲ್ಲಿಯೇ ತಾಜಬಾವಡಿಯನ್ನು ಕಾಣುವನು. ಇಮ್ಮಡಿ ಇಬ್ರಾಹಿಮ್ ಆದಿಲಶಾಹನ ಕಾಲದಲ್ಲಿ, ೧೬೨೦ರಲ್ಲಿ, ಮಲಿಕ ಸಂದಲನು ಕಟ್ಟಿಸಿದ ಬಾವಿಯಿದು. ಎರಡು ಎಂಟುಮೂಲೆಯ ಬುರುಜುಗಳ ನಡುವೆ ದೊಡ್ಡ ಕಮಾನು. ಕಮಾನಿನ ಎಡಬಲಗಳಲ್ಲಿಯೂ ನೀರಿನ ಸುತ್ತಲಿನ ಮೊಗಸಾಲೆಗಳಲ್ಲಿಯೂ ಪಥಿಕರು ವಿಶ್ರಮಿಸಿಕೊಳ್ಳಲು ಸ್ಥಳವನ್ನು ಮಾಡಲಾಗಿದ್ದಿತು. ಬಿಸಿಲಿನಲ್ಲಿ ಬೆಂದು ಬಂದವನಿಗೆ ಮೊದಲು ನೀರು, ನೀರಿನ ಪಕ್ಕದಲ್ಲಿಯೇ ನೆರಳು, ನೆರಳಿನಲ್ಲಿಯೇ ವಸ್ತಿ. ಪಥಿಕನ ಬೇಡಿಕೆಗಳನ್ನು ಅವು ಏಳುವ ಕ್ರಮದಲ್ಲಿಯೇ ಪೂರೈಸಿದ ಕಟ್ಟಡವು ಇದರಂಥದು ಮತ್ತೊಂದು ಈ ಜಿಲ್ಲೆಯಲ್ಲಿ ಕಾಣಬರುವದಿಲ್ಲ.

ಮುಹಮ್ಮದ ಆದಿಲಶಾಹನ ಕಾಲದಲ್ಲಿ ಮುಸ್ತಫಾಖಾನನೆಂಬ ಸರದಾರನು ಒಂದು ದೊಡ್ಡ ಸರಾಯಿಯನ್ನು ಕಟ್ಟಿಸಿದನು. ಕೋಟೆಯ ಹೊರಗೆ ದರ್ಗಾ ಎಂಬ ಭಾಗದಲ್ಲಿರುವ ಆ ಕಟ್ಟಡವು ಮುಂದೆ ಇಂಗ್ಲಿಷರ ಆಳಿಕೆಯಲ್ಲಿ ಸೆರೆಮನೆಯಾಯಿತು. ಈ ಮಾರ್ಪಾಟಿಗೆ ಹೆಚ್ಚಿನ ಶ್ರಮವೇನೂ ಬಿದ್ದಿರಲಿಕ್ಕಿಲ್ಲ. ಕಾರಣವೇನಂದರೆ ಸರಾಯಿಯ ರಚನೆಯೇ ಅಂಥದು. ನಾಲ್ಕೂ ಕಡೆಗೆ ಎತ್ತರವಾದ ಗೋಡೆ, ಗೋಡೆಗೆ ಹತ್ತಿದ ಸಾಲುಖೋಲಿಗಳು, ನಡುವೆ ದನಕುದುರೆಗಳಿಗೆ ಅಂಗಳ, ಭದ್ರವಾದ ಬಾಗಿಲು. ಸರಾಯಿಯಲ್ಲಿ ಬಾಗಿಲನ್ನು ಹಾಕುವದು ಕಳ್ಳನು ಒಳಗೆ ಬಾರದಿರಲೆಂದು. ಸೆರೆಮನೆಯಲ್ಲಿ ಅವನು ಹೊರಗೆ ಹೋಗದಿರಲೆಂದು.

ಸರಾಯಿಯ ದಿನಚರಿಯು ಹೇಗಿದ್ದಿತೆಂಬದನ್ನು ಮನೂಚಿ ಎಂಬ ವೆನಿಸ ಪಟ್ಟಣದವನು ಬರೆದಿಟ್ಟಿರುವನು. ಅವನು ಕಂಡದ್ದು ಉತ್ತರದ ಮೊಗಲ ಸೀಮೆಯ ಸರಾಯಿಗಳನ್ನು. ಹೊತ್ತು ಮುಳುಗುವಾಗ ಅಧಿಕಾರಿಯು ಬಾಗಿಲನ್ನು ಹಾಕಿಸಿ, ಪ್ರತಿಯೊಬ್ಬನೂ ತನ್ನ ತನ್ನ ಸಾಮಾನನ್ನು ನೋಡಿಕೊಳ್ಳಬೇಕೆಂದು ಕೂಗಿ ಹೇಳುವನು. ಬೆಳಿಗ್ಗೆ ಬಾಗಿಲನ್ನು ತೆರೆಯುವ ಮೊದಲು ಮೂರು ಸಲ ಎಚ್ಚರಿಕೆಯನ್ನು ಕೊಡುವನು. ಯಾರದೇ ಒಂದು ಸಾಮಾನು ಕಾಣದಾಗಿದ್ದರೆ ಅದು ಸಿಗುವವರೆಗೆ ಬಾಗಿಲು ತೆರೆಯಲಾರದು. ಗೋಡೆ ಛಾವಣಿಗಳು ದಾನಿಯ ಧರ್ಮದಿಂದ ದೊರೆತರೂ ಅಡಿಗೆ ಮಾಡಿಕೊಡುವ, ಕುದುರೆಗೆ ಮೇವು ತರುವ, ಮಂಚವನ್ನು ಒದಗಿಸುವ ಕೆಲಸದವರಿಗೆ ಪಥಿಕನು ತಾನೇ ಕೊಡಬೇಕು. ಹೀಗೆ ಧರ್ಮವೂ ಬಾಡಿಗೆಯೂ ಒಂದೇ ಛಾವಣಿಯ ಕೆಳಗೆ ಬಾಳಿದವು. ಆ ಬಾಡಿಗೆಯು ಎಷ್ಟೆಂಬದು ಮಾತ್ರ ಕೇಳುವವನ ಗಂಟಲಿನ ಮೇಲೂ ಕೊಡುವವನ ಬಟ್ಟೆಯ ಮೇಲೂ ಅವಲಂಬಿಸಿತ್ತೆಂದು ತೋರುವದು.

ಈ ಕೊರತೆಗೆ ಕಾಯಿದೆಯ ಮದ್ದು ಬಂದುದು ೧೮೬೭ರಲ್ಲಿ. ಆ ವರ್ಷ ಹಿಂದುಸ್ತಾನ ಸರಕಾರವು ಸರಾಯಿಗಳ ಕಾಯಿದೆಯನ್ನು ಮಾಡಿತು. ಸರಾಯಿಯನ್ನು ನಡೆಯಿಸುವವನು ಜಿಲ್ಲೆಯ ಮ್ಯಾಜಿಸ್ಟ್ರೇಟರ ದಫ್ತರದಲ್ಲಿ ಹೆಸರನ್ನು ಬರೆಯಿಸತಕ್ಕದ್ದು, ಖೋಲಿಗಳನ್ನೂ ನೀರನ್ನೂ ಶುಚಿಯಾಗಿಡತಕ್ಕದ್ದು, ಕಾವಲುಗಾರರನ್ನು ಇಡತಕ್ಕದ್ದು. ಇವೆಲ್ಲ ಸರಕಾರಕ್ಕೆ ಬೇಕಾದವುಗಳು. ಯಾತಕ್ಕೆಂದರೆ ೧೮೫೭ರ ದಂಗೆಯಾಗಿ ಹತ್ತೇ ವರ್ಷಗಳಾಗಿದ್ದವು, ಅಪರಿಚಿತರು ರಾತ್ರಿ ಎಲ್ಲಿ ಮಲಗುವರೆಂಬದು ಅಧಿಕಾರಿಗಳ ನಿದ್ದೆಗೆಡಿಸುವ ವಿಷಯವಾಗಿದ್ದಿತು. ಆದರೆ ಅದೇ ಕಾಯಿದೆಯಲ್ಲಿ ಪಥಿಕನಿಗೆ ಬೇಕಾದುದೊಂದು ವಿಧಿಯೂ ಸೇರಿಕೊಂಡಿತು: ಸರಾಯಿಯಲ್ಲಿ ಇಳಿಯುವದಕ್ಕೆ ಕೊಡಬೇಕಾದ ದರಗಳ ಪಟ್ಟಿಯನ್ನು, ಮ್ಯಾಜಿಸ್ಟ್ರೇಟರು ಹೇಳಿದ ಭಾಷೆಗಳಲ್ಲಿ, ಅವರು ತೋರಿಸಿದ ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ಹಾಕತಕ್ಕದ್ದು. ತಪ್ಪಿದರೆ ಇಪ್ಪತ್ತು ರೂಪಾಯಿಗಳವರೆಗೆ ದಂಡ. ಚಿಕ್ಕ ವಿಧಿ, ಆದರೆ ಅದರಿಂದ ಬೆಲೆಯು ಯಜಮಾನನ ಬಾಯಿಂದ ಗೋಡೆಗೆ ಇಳಿಯಿತು. ಗೋಡೆಯ ಮೇಲಿನ ಅಂಕೆಯು ಬಂದವನ ಬಟ್ಟೆಯನ್ನು ನೋಡಿ ಬದಲಾಗುವದಿಲ್ಲ. ಸಾಲೋಟಗಿಯ ಕಲ್ಲಿನ ಗುಣವೂ ಅದೇ ಅಲ್ಲವೆ?

೧೮೮೪ರಲ್ಲಿ ಹೊಟಗಿಯಿಂದ ಗದುಗಿಗೆ ಹೋಗುವ ಉಗಿಬಂಡಿಯು ವಿಜಾಪುರವನ್ನು ಮುಟ್ಟಿತು. ಮರುವರ್ಷ ಜಿಲ್ಲೆಯ ಮುಖ್ಯ ಠಾಣ್ಯವು ಕಲಾದಗಿಯಿಂದ ಇಲ್ಲಿಗೆ ಬಂದಿತು. ಹಾಳುಬಿದ್ದ ರಾಜಧಾನಿಗೆ ಒಮ್ಮೆಲೆ ಸಾಹೇಬರೂ ಕಾರಕೂನರೂ ಕಕ್ಷಿಗಾರರೂ ಪ್ರೇಕ್ಷಕರೂ ಬರತೊಡಗಿದರು. ಅವರು ಇಳಿಯುವದೆಲ್ಲಿ? ಹೊಸ ಕಟ್ಟಡಗಳಿಗೆ ಹಣವಿಲ್ಲ, ಹಳೆಯ ಕಟ್ಟಡಗಳು ಬೇಕಾದಷ್ಟು. ಗೋಲಗುಮ್ಮಟದ ಪಡುವಲಿಗೆ ಅದೇ ಜಗತಿಯ ಮೇಲೆ ನಿಂತ ಅಂದವಾದ ಮಸೀದಿಯನ್ನು ಪ್ರವಾಸಿಗಳ ಬಂಗಲೆಯನ್ನಾಗಿ ಮಾಡಲಾಯಿತು. ಪ್ರಾರ್ಥನೆಗಾಗಿ ಕಟ್ಟಿದ ಸ್ಥಳದಲ್ಲಿ ಮಂಚಗಳು, ಮೇಜುಗಳು, ಖಾನಸಾಮನ ಅಡಿಗೆ! ಇಂಥ ಬಂಗಲೆಗಳಲ್ಲಿ ದಿನಕ್ಕೆ ಒಬ್ಬನಿಗೆ ಒಂದು ರೂಪಾಯಿ ಎಂಬದು ಆಗಿನ ಸಾಮಾನ್ಯ ದರ. ಊಟದ ಖರ್ಚು ಬೇರೆ. ಇಪ್ಪತ್ತನಾಲ್ಕು ತಾಸು ಇದ್ದವನು ಹೊಸದಾಗಿ ಬಂದವನಿಗೆ ಸ್ಥಳವನ್ನು ಬಿಟ್ಟುಕೊಡಬೇಕೆಂಬ ನಿಯಮವೂ ಇದ್ದಿತು. ಆ ಒಂದು ರೂಪಾಯಿಯು ಸಾಹೇಬನಿಗೆ ಅಗ್ಗ, ಕೂಲಿಯವನಿಗೆ ಅನೇಕ ದಿನಗಳ ದುಡಿಮೆ. ಗುಮ್ಮಟದ ಆವರಣದಲ್ಲಿಯೇ ಬಾದಶಹನ ಕಾಲದ ಧರ್ಮಶಾಲೆಯೂ ಇರುವದನ್ನು ಇಲ್ಲಿ ನೆನೆಯಬೇಕು. ಪಥಿಕರಿಗೆಂದೇ ಕಟ್ಟಿದುದನ್ನು ಬಿಟ್ಟು ದೇವರಿಗೆಂದು ಕಟ್ಟಿದುದರಲ್ಲಿ ಪಥಿಕರನ್ನು ಇಳಿಸಿದ ಈ ವ್ಯವಸ್ಥೆಯನ್ನು ಎಂಥ ಜಾಣತನವೆನ್ನಬೇಕೋ ತಿಳಿಯದು.

ಈ ಅನುಚಿತವು ಕೊನೆಗೊಂಡುದು ವೈಸರಾಯ ಕರ್ಜನ್ನನಿಂದ. ೧೮೯೯ರಿಂದ ೧೯೦೫ರವರೆಗೆ ಅಧಿಕಾರದಲ್ಲಿದ್ದ ಈ ಪುರುಷನ ಮೇಲೆ ಬಂಗಾಲದ ವಿಭಜನೆಯ ಕಳಂಕವಿರುವದು ನಿಜ. ಆದರೆ ಹಳೆಯ ಕಟ್ಟಡಗಳ ವಿಷಯದಲ್ಲಿ ಅವನ ಉಪಕಾರವನ್ನು ಮರೆಯುವಂತಿಲ್ಲ. ವಿಜಾಪುರಕ್ಕೆ ಬಂದಾಗ ಅವನು ಇದನ್ನು ಕಂಡು ಬಂಗಲೆಯನ್ನು ಮಸೀದಿಯೊಳಗಿಂದ ಎಬ್ಬಿಸಿದನು. ೧೯೦೪ರ ಪುರಾತನ ಸ್ಮಾರಕಗಳ ಕಾಯಿದೆಯು ಅವನ ಕಾಲದಲ್ಲಿಯೇ ಆದುದು.

ಉಗಿಬಂಡಿಯು ಬಂದ ಕಡೆಗೆಲ್ಲ ಹೊಸ ದಾನಿಗಳೂ ಹುಟ್ಟಿಕೊಂಡರು. ಬೆಂಗಳೂರಿನ ವ್ಯಾಪಾರಿಗಳಾದ ಗುಬ್ಬಿ ತೋಟದಪ್ಪನವರು ೧೮೯೭ರಲ್ಲಿ ರೈಲುನಿಲ್ದಾಣದ ಹತ್ತಿರ ಭೂಮಿಯನ್ನು ಕೊಂಡು ಛತ್ರವನ್ನೂ ವಿದ್ಯಾರ್ಥಿಗಳ ಉಚಿತ ವಸತಿಯನ್ನೂ ಸ್ಥಾಪಿಸಿದರು. ೧೯೦೩ರಲ್ಲಿ ಮೈಸೂರಿನ ಮಹಾರಾಜರಿಂದ ಅದರ ಪ್ರಾರಂಭೋತ್ಸವವಾಯಿತು. ಉತ್ತರ ಕರ್ನಾಟಕದಿಂದ ಬೆಂಗಳೂರಿಗೆ ಹೋಗಿ ಬಂಡಿಯಿಂದ ಇಳಿದ ಎಷ್ಟೋ ಮಂದಿಗೆ ಆ ಛತ್ರವೇ ಮೊದಲನೆಯ ಮನೆ. ಹಿಂದೆ ದಾನಿಯು ಗುಡಿಯ ಬಳಿಯಲ್ಲಿ ಕಟ್ಟಿಸುತ್ತಿದ್ದನು, ಈಗ ನಿಲ್ದಾಣದ ಬಳಿಯಲ್ಲಿ. ಜನರು ಎಲ್ಲಿ ಇಳಿಯುವರೋ ಅಲ್ಲಿಗೆ ಧರ್ಮವೂ ಹೋಯಿತು.

ವಿಜಾಪುರದಲ್ಲಿ ಸಾಧಾರಣ ಜನರಿಗೆ ಆಶ್ರಯವಾದುದು ಖಾನಾವಳಿ. ಖಟ್ಲೆಗೆ ಬಂದ ಒಕ್ಕಲಿಗನು, ಶಾಲೆಗೆ ಬಂದ ಹುಡುಗನು, ಬದಲಿಯಾಗಿ ಬಂದ ಕಾರಕೂನನು ಇವರೆಲ್ಲರೂ ಅಲ್ಲಿಯ ಗಿರಾಕಿಗಳು. ಜೋಳದ ರೊಟ್ಟಿ, ಪಲ್ಯ, ಚಟ್ನಿಗಳನ್ನು ಹೊಟ್ಟೆ ತುಂಬ ಬಡಿಸಿ ತಿಂಗಳಿಗೆ ಇಂತಿಷ್ಟೆಂದು ಮುಂಗಡವನ್ನು ತೆಗೆದುಕೊಳ್ಳುವದು ಅದರ ಪದ್ಧತಿ. ಬಹಳ ಸಲ ಅದನ್ನು ನಡೆಯಿಸಿದವಳು ಒಬ್ಬ ವಿಧವೆ ಅಥವಾ ಮನೆತನದ ಭಾರವನ್ನು ಹೊತ್ತ ಗೃಹಿಣಿ. ಮುಂಗಡದಿಂದ ಅವಳಿಗೆ ಜೋಳವನ್ನು ಸುಗ್ಗಿಯ ಬೆಲೆಯಲ್ಲಿ ಕೊಳ್ಳಲಿಕ್ಕೆ ಬರುವದು. ಗಿರಾಕಿಗೆ ದಿನದ ಲೆಕ್ಕಕ್ಕಿಂತ ತಿಂಗಳ ಲೆಕ್ಕದಲ್ಲಿ ಉಳಿತಾಯವಾಗುವದು. ಮುಂದಾಗಿ ಹಣವನ್ನು ಕೊಟ್ಟು ಕಡಿಮೆ ಬೆಲೆಗೆ ಪಡೆಯುವ ಉಪಾಯವು ಹೊಸದೆಂದು ಹೇಳುವವರು ಖಾನಾವಳಿಯ ಮೆಟ್ಟಲನ್ನು ಹತ್ತಿರಲಿಕ್ಕಿಲ್ಲ.

ಆದರೆ ಖಾನಾವಳಿಗೂ ಜಾತಿಯಿದ್ದಿತು, ಧರ್ಮಶಾಲೆಗೂ ಜಾತಿಯಿದ್ದಿತು. ಇಂಥ ಸಮಾಜದವರಿಗೆಂದು ಬರೆದ ಹಲಗೆಗಳು ಬಾಗಿಲ ಮೇಲಿದ್ದವು. ಹಣವನ್ನು ಕೈಯಲ್ಲಿ ಹಿಡಿದು ನಿಂತರೂ ಬಾಗಿಲು ತೆರೆಯದ ಜನರಿದ್ದರು. ಈ ವಿಷಯದಲ್ಲಿ ಎಲ್ಲರೂ ತಿಳಿಯತಕ್ಕ ಒಂದು ಸಂಗತಿಯು ೧೯೧೭ರಲ್ಲಿ ಬಡೋದೆಯಲ್ಲಿ ನಡೆಯಿತು. ಅಮೇರಿಕೆಯಲ್ಲಿಯೂ ಲಂಡನ್ನಿನಲ್ಲಿಯೂ ಓದಿ ಬಂದ ಡಾ. ಅಂಬೇಡಕರರು ಬಡೋದೆ ಸಂಸ್ಥಾನದ ಚಾಕರಿಗೆಂದು ಆ ಊರಿಗೆ ಬಂದಾಗ ಇಳಿಯಲು ಸ್ಥಳ ಸಿಗಲಿಲ್ಲ. ಹಿಂದೂ ಹೊಟೇಲಿನವರು ಒಳಗೆ ಕರೆಯರೆಂದು ಬಲ್ಲ ಅವರು ಒಂದು ಪಾರಸಿ ವಸತಿಗೃಹಕ್ಕೆ ಹೋದರು. ಅದು ಪಾರಸಿಗಳಿಗೆ ಮಾತ್ರ ಇದ್ದುದರಿಂದ ಪುಸ್ತಕದಲ್ಲಿ ಪಾರಸಿ ಹೆಸರನ್ನು ಬರೆಯಿಸಬೇಕಾಯಿತು. ಊಟವಸತಿಗೆ ದಿನಕ್ಕೆ ಒಂದೂವರೆ ರೂಪಾಯಿಯೆಂದು ಗೊತ್ತಾಯಿತು. ಹನ್ನೊಂದನೆಯ ದಿನ ಹತ್ತು ಹನ್ನೆರಡು ಜನರು ಬಡಿಗೆಗಳನ್ನು ಹಿಡಿದು ಬಂದು ಅವರನ್ನು ಹೊರಡಿಸಿದರು. ಗೆಳೆಯರ ಮನೆಗಳಲ್ಲಿಯೂ ಆಸರೆ ದೊರೆಯದೆ ಸಾರ್ವಜನಿಕ ತೋಟದಲ್ಲಿ ಹೊತ್ತು ಕಳೆದು ಆ ರಾತ್ರಿಯೇ ಅವರು ಮುಂಬಯಿಯ ಗಾಡಿಯನ್ನು ಹತ್ತಿದರು. ಅವರು ದರವನ್ನು ಒಪ್ಪಿದ್ದರು, ಹಣವನ್ನು ಕೊಡುತ್ತಲೂ ಇದ್ದರು. ವಸತಿಯ ಬೆಲೆಯಲ್ಲಿ ಹಣವು ಒಂದು ಭಾಗ ಮಾತ್ರವಾಗಿದ್ದಿತು.

ಆ ಇನ್ನೊಂದು ಭಾಗವನ್ನು ಕಾಯಿದೆಯಿಂದ ತೊಡೆದುಹಾಕಿದುದು ಸ್ವತಂತ್ರ ಭಾರತ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೫ನೆಯ ಅನುಚ್ಛೇದವು ಅಂಗಡಿ, ಹೊಟೇಲು, ಬಾವಿ, ಕೆರೆಗಳಿಗೆ ಯಾರನ್ನೂ ಜಾತಿಮತಗಳ ಕಾರಣದಿಂದ ತಡೆಯಕೂಡದೆಂದು ಹೇಳಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಧರ್ಮಶಾಲೆ, ಸರಾಯಿ, ಮುಸಾಫರಖಾನೆಗಳನ್ನು ಹೆಸರು ಹಿಡಿದು ಹೇಳಿ, ಎಲ್ಲರಿಗೂ ತೆರೆದ ಇಂಥ ಸ್ಥಳಗಳಲ್ಲಿ ಅಸ್ಪೃಶ್ಯತೆಯ ನೆವದಿಂದ ತಡೆಯುವದನ್ನು ಅಪರಾಧವನ್ನಾಗಿ ಮಾಡಿತು. ರೂಢಿಯು ಕಾಯಿದೆಯಷ್ಟು ಬೇಗ ಬದಲಾಗಲಿಲ್ಲ. ಆದರೂ ಮೋಟಾರು ನಿಲ್ದಾಣಗಳ ಸುತ್ತ ಎದ್ದ ಲಾಡ್ಜುಗಳಿಂದ ಒಂದು ಉಪಕಾರವಾಯಿತೆಂಬದನ್ನು ಒಪ್ಪಬೇಕು. ಗಲ್ಲೆಯ ಮೇಲೆ ಕುಳಿತವನು ಹ್ಯಾಗಿದ್ದರೂ ಬಾಡಿಗೆಯ ಮೇಲೆಯೇ ಕಣ್ಣಿಟ್ಟವನು. ಅವನ ಲೋಭವು ಅನೇಕ ಸಲ ದಾನಿಯ ಮಡಿಗಿಂತ ಹೆಚ್ಚು ಉದಾರವಾಗಿ ನಡೆದುಕೊಂಡಿತು.

ಲಾಡ್ಜುಗಳು ಹೆಚ್ಚಿದಂತೆ ಸರಕಾರದ ದೃಷ್ಟಿಯೂ ಅವುಗಳ ಮೇಲೆ ಬಿದ್ದಿತು. ೧೯೭೯ರಲ್ಲಿ ಕರ್ನಾಟಕವು ಹೊಟೇಲು ವಸತಿಗೃಹಗಳ ಮೇಲೆ ಸುಖಭೋಗದ ತೆರಿಗೆಯನ್ನು ವಿಧಿಸಿತು. ದಣಿದವನು ಬೆನ್ನು ಚಾಚುವದಕ್ಕೆ ಭೋಗವೆಂದು ಹೆಸರಿಟ್ಟದ್ದನ್ನು ಸಾಲೋಟಗಿಯವರು ಕೇಳಿದ್ದರೆ ನಗುತ್ತಿದ್ದರೋ ಏನೋ. ೨೦೧೭ರಲ್ಲಿ ಸರಕು ಸೇವಾ ತೆರಿಗೆಯು ಬಂದಾಗ ದಿನಕ್ಕೆ ಸಾವಿರ ರೂಪಾಯಿಗಳಿಗಿಂತ ಕಡಿಮೆ ಬಾಡಿಗೆಯ ಖೋಲಿಗಳಿಗೆ ವಿನಾಯಿತಿಯಿದ್ದಿತು. ೨೦೨೨ರ ಜುಲೈ ೧೮ರಿಂದ ಆ ವಿನಾಯಿತಿಯು ಹೋಗಿ ನೂರಕ್ಕೆ ಹನ್ನೆರಡು ಬಿದ್ದಿತು. ಒಂಬೈನೂರು ರೂಪಾಯಿಗಳ ಖೋಲಿಯು ಒಂದು ಸಾವಿರದ ಎಂಟು ರೂಪಾಯಿಗಳದಾಯಿತು. ೨೦೨೫ರ ಸೆಪ್ಟೆಂಬರ್ ೨೨ರಿಂದ ಏಳೂವರೆ ಸಾವಿರದವರೆಗಿನ ಖೋಲಿಗಳಿಗೆ ನೂರಕ್ಕೆ ಐದು ಎಂದು ಇಳಿಸಲಾಗಿ, ಅದೇ ಖೋಲಿಗೆ ನಲವತ್ತೈದು ರೂಪಾಯಿಗಳ ತೆರಿಗೆಯಾಯಿತು. ಈ ನಡುವೆ ೨೦೨೨ರಲ್ಲಿ ಅಮೃತಸರದ ಸುವರ್ಣಮಂದಿರದ ವಸತಿಗೃಹಗಳಿಗೂ ತೆರಿಗೆಯು ತಗಲುವದೋ ಎಂಬ ಗದ್ದಲವೆದ್ದಿತು. ಧಾರ್ಮಿಕ ಸ್ಥಳದ ಆವರಣದಲ್ಲಿ ಧರ್ಮಸಂಸ್ಥೆಯು ಸಾವಿರಕ್ಕಿಂತ ಕಡಿಮೆ ಬಾಡಿಗೆಗೆ ಕೊಡುವ ಖೋಲಿಗಳಿಗೆ ವಿನಾಯಿತಿಯು ಮುಂದುವರಿಯುವದೆಂದು ಕೇಂದ್ರ ಸರಕಾರವು ಸ್ಪಷ್ಟಪಡಿಸಬೇಕಾಯಿತು. ಅಲ್ಲಿಯ ವಸತಿಗೃಹಗಳಿಗೆ ಸರಾಯಿ ಎಂದೇ ಹೆಸರು. ಮುಸ್ತಫಾಖಾನನ ಕಾಲದ ಶಬ್ದವು ಹೀಗೆ ತೆರಿಗೆಯ ಕಾಗದಗಳಲ್ಲಿ ಮತ್ತೊಮ್ಮೆ ಜೀವ ತಳೆಯಿತು.

ಇತ್ತೀಚಿನ ಮಾರ್ಪಾಟು ಎಲ್ಲಕ್ಕೂ ದೊಡ್ಡದು. ಪ್ರವಾಸಿಯು ಮನೆಯಲ್ಲಿ ಕುಳಿತೇ, ಕೈಯಲ್ಲಿಯ ಫೋನಿನಿಂದ, ದೂರದ ಊರಿನ ಖೋಲಿಯನ್ನು ಕಾದಿರಿಸುವನು. ಇದರಿಂದ ಸೌಕರ್ಯವಾಗಿರುವದರಲ್ಲಿ ಸಂಶಯವಿಲ್ಲ. ಅರ್ಧರಾತ್ರಿಯಲ್ಲಿ ಹೆಂಡಿರುಮಕ್ಕಳನ್ನು ಕಟ್ಟಿಕೊಂಡು ಲಾಡ್ಜಿನಿಂದ ಲಾಡ್ಜಿಗೆ ಅಲೆಯುವ ಕಷ್ಟವು ತಪ್ಪಿತು. ಆದರೆ ೧೮೬೭ರ ಕಾಯಿದೆಯು ಗೋಡೆಗೆ ಹೊಡೆಯಿಸಿದ ಬೆಲೆಯು ಗೋಡೆಯಿಂದ ಮತ್ತೆ ಕಳಚಿತು. ಬೆಳಿಗ್ಗೆ ಒಂದು ದರ, ಸಂಜೆಗೆ ಇನ್ನೊಂದು. ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆಯು ಸಮೀಪಿಸಿದರೆ ಮತ್ತೊಂದು. ಮೊದಲು ತೋರಿಸಿದ ದೊಡ್ಡ ಅಂಕೆಯನ್ನು ಗೀಟು ಹಾಕಿ ಹೊಡೆದು ಕೆಳಗೆ ಚಿಕ್ಕದನ್ನು ಬರೆದರೆ ಉಳಿತಾಯವಾಯಿತೆಂದು ಮನಸ್ಸು ಹಿಗ್ಗುವದು. ಆ ದೊಡ್ಡ ಬೆಲೆಯನ್ನು ಎಂದಾದರೂ ಯಾರಾದರೂ ಕೊಟ್ಟಿದ್ದರೇ ಎಂದು ಕೇಳುವವರಿಲ್ಲ. ತೆರಿಗೆಯೂ ಇತರ ಶುಲ್ಕಗಳೂ ಹಣ ಸಲ್ಲಿಸುವ ಹೊತ್ತಿಗೆ ಕಾಣಿಸಿಕೊಳ್ಳುವವು. ನಡುವಿನ ಕಂಪನಿಯ ದಲಾಲಿಯು ಪ್ರವಾಸಿಯ ಕಣ್ಣಿಗೆ ಬೀಳುವದೇ ಇಲ್ಲ. ಅದನ್ನು ಲಾಡ್ಜಿನವನು ತನ್ನ ಬಾಡಿಗೆಯೊಳಗಿಂದಲೇ ಕೊಡುವನು, ಎಂದರೆ ಕಡೆಗೆ ಬಾಡಿಗೆಯನ್ನು ಏರಿಸಿ ಕೊಡುವನು.

ಇದರೊಳಗಿನ ಕಟ್ಟುಪಾಡೊಂದು ೨೦೨೨ರ ಅಕ್ಟೋಬರಿನಲ್ಲಿ ಬೈಲಿಗೆ ಬಿದ್ದಿತು. ಭಾರತದ ಸ್ಪರ್ಧಾ ಆಯೋಗವು ಮೇಕ್‌ಮೈಟ್ರಿಪ್ ಮತ್ತು ಗೋಐಬಿಬೋಗಳ ಸಮೂಹಕ್ಕೆ ೨೨೩.೪೮ ಕೋಟಿ ರೂಪಾಯಿಗಳನ್ನೂ ಓಯೋ ಸಂಸ್ಥೆಗೆ ೧೬೮.೮೮ ಕೋಟಿಯನ್ನೂ ದಂಡವಾಗಿ ವಿಧಿಸಿತು. ಆಯೋಗವು ಎತ್ತಿ ತೋರಿಸಿದ ದೋಷಗಳಲ್ಲಿ ಮುಖ್ಯವಾದುದು ಯಾವುದೆಂದರೆ, ಕಂಪನಿಯ ಮೂಲಕ ಮಾರುವ ಬೆಲೆಗಿಂತ ಕಡಿಮೆ ಬೆಲೆಗೆ ಹೊಟೇಲಿನವರು ತಾವೇ ನೇರವಾಗಲಿ, ಬೇರೆ ಕಂಪನಿಯ ಮೂಲಕವಾಗಲಿ ಖೋಲಿಯನ್ನು ಕೊಡಕೂಡದೆಂಬ ಕರಾರು. ಯಜಮಾನನು ತನ್ನ ಮನೆಯ ಬಾಗಿಲಲ್ಲಿ ನಿಂತು ಬಂದವನಿಗೆ ನಾಲ್ಕು ಕಾಸು ಬಿಡಲಿಕ್ಕೂ ಸ್ವತಂತ್ರನಲ್ಲ! ಇಂಥ ಕರಾರುಗಳನ್ನು ತಿದ್ದಿಕೊಳ್ಳಬೇಕೆಂದು ಆಯೋಗವು ಆಜ್ಞೆ ಮಾಡಿತು. ಖೋಲಿಯನ್ನು ಫೋನಿನ ಹಲಗೆಯ ಮೇಲೆ ನೋಡಿಟ್ಟುಕೊಂಡು, ಬಳಿಕ ಲಾಡ್ಜಿನವರೊಡನೆಯೇ ನೇರವಾಗಿ ಮಾತನಾಡಿ ದರವನ್ನು ಕೇಳುವ ಮಿತವ್ಯಯಿಗಳ ರೂಢಿಗೆ ಆಧಾರವಿರುವದು ಇಲ್ಲಿಯೇ. ಮುಂಗಡವನ್ನು ಪೂರ್ತಿ ಕೊಟ್ಟರೆ ಅಗ್ಗವಾಗುವದುಂಟು. ಆದರೆ ಹಣವು ತಿರುಗಿ ಬಾರದೆಂಬ ಒಕ್ಕಣೆಯು ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇರುವದು. ಕರ್ನಾಟಕದ ಅನೇಕ ಹಳೆಯ ಲಾಡ್ಜುಗಳಲ್ಲಿ ಬಂದ ತಾಸಿನಿಂದ ಇಪ್ಪತ್ತನಾಲ್ಕು ತಾಸಿಗೆ ಒಂದು ದಿನವೆಂದು ಎಣಿಸುವ ಪದ್ಧತಿಯಿರುವದು. ಬೆಳಗಿನ ಐದಕ್ಕೆ ರಾತ್ರಿಯ ಬಸ್ಸಿನಿಂದ ಇಳಿದವನಿಗೆ ಇದು ದೊಡ್ಡ ಲಾಭ. ಮಧ್ಯಾಹ್ನಕ್ಕೆ ದಿನವನ್ನು ಮುಗಿಸುವ ಹೊಸ ಪದ್ಧತಿಯಲ್ಲಿ ಅವನು ಏಳು ತಾಸಿನ ನಿದ್ದೆಗೆ ಒಂದು ಇಡೀ ದಿನದ ಬಾಡಿಗೆಯನ್ನು ತೆರಬೇಕಾಗುವದು. ಅಗ್ಗದ ದರವನ್ನು ಹುಡುಕುವವರು ಈ ಎಣಿಕೆಯನ್ನು ಕೇಳಿಕೊಳ್ಳದೆ ಮೋಸಹೋಗುವದೇ ಹೆಚ್ಚು.

ಕನಮಡಿಯ ಆಚೆಗೆ ಜತ್ತ ತಾಲೂಕಿನಲ್ಲಿ ಗುಡ್ಡಾಪುರವಿರುವದು. ಹನ್ನೆರಡನೆಯ ಶತಮಾನದ ಶರಣೆ ದಾನಮ್ಮದೇವಿಯ ಕ್ಷೇತ್ರವದು. ದಾನದಿಂದಲೇ ಆಕೆಗೆ ಆ ಹೆಸರು ಬಂದಿತೆಂದು ಭಕ್ತರು ಹೇಳುವರು. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆಂದು ವಿಜಾಪುರದ ಕಡೆಯಿಂದ ಸಾವಿರಾರು ಜನರು ತಿಕೋಟಾ ಸೀಮೆಯನ್ನು ಕಾಲುನಡಿಗೆಯಿಂದ ದಾಟುವರು. ಚಳಿಯ ರಾತ್ರಿ, ದಾರಿಯ ಊರುಗಳವರು ಚಪ್ಪರಗಳನ್ನು ಹಾಕಿ ರೊಟ್ಟಿ, ಪಲ್ಯ, ಹುಗ್ಗಿ, ಚಹಾಗಳನ್ನು ಕೊಡುವರು. ಶಾಲೆಯ ಪಡಸಾಲೆಯಲ್ಲಿಯೂ ಗುಡಿಯ ಪೌಳಿಯಲ್ಲಿಯೂ ಒಬ್ಬರ ಪಕ್ಕದಲ್ಲೊಬ್ಬರು ಮಲಗುವರು. ಅನ್ನಕ್ಕೆ ಬೇಕಾದ ಚೀಲಗಳನ್ನು ಯಾರು ಕೊಟ್ಟರೆಂಬದು ಚಪ್ಪರದ ಹಲಗೆಯ ಮೇಲೆ ಬರೆದಿರುವದು: ಮಗನ ಮದುವೆಯಾದವನು ಒಂದು ಚೀಲ ಅಕ್ಕಿ, ದ್ರಾಕ್ಷಿಯ ಬೆಳೆ ಚೆನ್ನಾಗಿ ಬಂದವನು ಎರಡು ಡಬ್ಬಿ ಎಣ್ಣೆ.